ಡಮಾಮಿ ಮತ್ತು ಸೊಪ್ಪಿನ ಉಡುಗೆ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಈ ಚಳಿಗಾಲದಲ್ಲಿ ಒಂದು ಸ್ನೇಹ ಸಮ್ಮೇಳನವನ್ನು ನಡೆಸಲು ಹೊರಟಿರುವ ಸಂಗತಿ ಇದನ್ನು ಓದುವ ಬಹುಮಂದಿಗೆ ತಿಳಿದೇ ಇದೆ. ಕಳೆದ ವಾರ ಸಮಿತಿಯ ಇಬ್ಬರು ದೂರವಾಣಿ ಮಾಡಿದ್ದರು. ಇಬ್ಬರೂ ನನ್ನ ಕೈಯಲ್ಲಿ ಕನ್ನಡ ಮತ್ತು ಇತಿಹಾಸ ಕಲಿತವರು. ಒಬ್ಬರಿಗೆ ನಾನು ಕಿವಿ ಹಿಂಡಿದ ನೆನಪೂ ಇದೆ. ಪೂರ್ಣಕುಂಭ, ಡೊಳ್ಳು, ಬ್ಯಾಂಡು ಎಲ್ಲವೂ ನಿಶ್ಚಯವಾಗಿವೆಯಂತೆ. "ಸರ್, ಮೆರವಣಿಗೆಗೆ ಸಿದ್ದಿ ಕುಣಿತ ಇಲ್ಲದಿದ್ದರೆ ನಮ್ಮ ಹಳಿಯಾಳದ ಮೆರವಣಿಗೆ ಎನ್ನಿಸುವುದಿಲ್ಲ. ಆ ಕಡೆಯ ಹಳ್ಳಿಗಳ ಪರಿಚಯ ನಿಮಗಿದೆ. ಒಂದು ತಂಡವನ್ನು ಗೊತ್ತು ಮಾಡಿಕೊಡಬೇಕು. ಆ ಸೊಪ್ಪಿನ ವೇಷ, ಮುಖಕ್ಕೆ ಬಣ್ಣ, ಎಲ್ಲ ಇರಲಿ," ಎಂದರು. ನಾನು "ನೋಡೋಣ" ಎಂದೆ. ಈ ಒಂದು ಮಾತಿನ ಹಿಂದೆ ಅಡಗಿಕೊಳ್ಳುವ ಅಭ್ಯಾಸ ನನಗೆ ಹಳೆಯದು. ಆದರೆ ಮೂರು ರಾತ್ರಿ ಕಳೆದರೂ ಆ ಮಾತು ಮನಸ್ಸಿನಿಂದ ಹೋಗಲಿಲ್ಲವಾದ್ದರಿಂದ ನನ್ನ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ. ಸ್ವಲ್ಪ ಸುತ್ತುಹಾದಿಯಲ್ಲಿ ಬರಬೇಕಾಗುತ್ತದೆ, ಕ್ಷಮೆಯಿರಲಿ.

ಕೆಲವು ವರ್ಷಗಳ ಹಿಂದೆ ಮಗಳು ಅಳಿಯನ ಮನೆಯಲ್ಲಿ ನಾಲ್ಕು ತಿಂಗಳು ಇದ್ದು ಬರಲು ಅಮೆರಿಕೆಯ ಉತ್ತರ ಕ್ಯಾರೊಲೈನಾಕ್ಕೆ ಹೋಗಿದ್ದೆ. ಜುಲೈ ತಿಂಗಳಿನಲ್ಲಿ ಒಂದು ದಿನ ಅಳಿಯಂದಿರು ನನ್ನನ್ನು ಗ್ರ್ಯಾಂಡ್‌ಫಾದರ್ ಮೌಂಟನ್ ಎಂಬ ಬೆಟ್ಟದ ಬುಡಕ್ಕೆ ಕರೆದೊಯ್ದರು. ಅಲ್ಲಿ ಮ್ಯಾಕ್ರೇ ಮೆಡೋಸ್ ಎಂಬ ಹುಲ್ಲುಗಾವಲಿನಲ್ಲಿ 1956ರಿಂದ ಸ್ಕಾಟ್‌ಲೆಂಡ್ ಮೂಲದವರ ಕ್ರೀಡೋತ್ಸವ ನಡೆಯುತ್ತ ಬಂದಿದೆ. ಬೆಟ್ಟ, ಮಂಜು, ತುಂತುರು ಮಳೆ. ಕಣ್ಣು ಮುಚ್ಚಿದರೆ ಜೋಯಿಡಾ ಘಟ್ಟದಲ್ಲಿ ನಿಂತ ಹಾಗೆ. ಕಣ್ಣು ತೆರೆದರೆ ಸಾವಿರಾರು ಗಂಡಸರು ಚೌಕುಳಿ ಬಟ್ಟೆಯ ನೆರಿಗೆಯ ಲಂಗವನ್ನುಟ್ಟು ಗಂಭೀರವಾಗಿ ಓಡಾಡುತ್ತಿದ್ದಾರೆ! ಒಂದು ಕಡೆ ಚೀಲದಂಥ ವಾದ್ಯಕ್ಕೆ ಗಾಳಿ ತುಂಬಿ ಊದುವವರು, ಇನ್ನೊಂದು ಕಡೆ ನಮ್ಮ ಊರಿನ ವಿದ್ಯುತ್ ಕಂಬದಷ್ಟು ಉದ್ದದ ಮರದ ದಿಮ್ಮಿಯನ್ನು ನೆಟ್ಟಗೆ ಎತ್ತಿ ಲಾಗ ಹೊಡೆಯುವಂತೆ ಎಸೆಯುವವರು. ಉತ್ಸವದ ಮೊದಲ ಸಂಜೆ ಪಂಜುಗಳನ್ನು ಹಿಡಿದು ಒಂದೊಂದು ಕುಲದ ಪ್ರತಿನಿಧಿಯೂ ಮುಂದೆ ಬಂದು ತಮ್ಮ ಕುಲದ ಹೆಸರನ್ನು ಕೂಗಿ, ನಾವು ಬಂದಿದ್ದೇವೆ ಎಂದು ಸಾರುತ್ತಾರೆ.

ನನ್ನ ಪಕ್ಕದಲ್ಲಿ ಮಡಚುವ ಕುರ್ಚಿಯ ಮೇಲೆ ಕುಳಿತಿದ್ದ ವೃದ್ಧರೊಬ್ಬರು ಮಾತಿಗೆ ಸಿಕ್ಕರು. ಅವರ ಪೂರ್ವಜರು ಏಳು ತಲೆಮಾರುಗಳ ಹಿಂದೆ ಸ್ಕೈ ಎಂಬ ದ್ವೀಪದಿಂದ ಬಂದವರಂತೆ. "ತಾವು ಆ ದ್ವೀಪವನ್ನು ನೋಡಿದ್ದೀರಾ?" ಎಂದು ಕೇಳಿದೆ. ನೋಡಿಲ್ಲ ಎಂದರು. ಆದರೆ ತಮ್ಮ ಕುಲದ ಹೆಸರು ಕೂಗಿದಾಗ ಆ ಮನುಷ್ಯ ಎದ್ದು ನಿಂತು ಕಣ್ಣೊರೆಸಿಕೊಂಡರು.

ಇತಿಹಾಸದ ಮೇಷ್ಟರಿಗೆ ಸುಮ್ಮನೆ ಕೂಡಲಾಗುವುದಿಲ್ಲ. ಮನೆಗೆ ಬಂದವನೇ ಪುಸ್ತಕ ಹುಡುಕಿ ಓದಿದೆ. 1746ರಲ್ಲಿ ಕಲೋಡನ್ ಯುದ್ಧದಲ್ಲಿ ಸ್ಕಾಟ್‌ಲೆಂಡಿನ ಬೆಟ್ಟದ ಜನ ಸೋತ ಮೇಲೆ ಬ್ರಿಟಿಷ್ ಸರ್ಕಾರ ಕಾನೂನು ಮಾಡಿ ಅವರ ಉಡುಗೆಯನ್ನೇ ನಿಷೇಧಿಸಿತು. 1782ರಲ್ಲಿ ಆ ನಿಷೇಧ ಹೋಯಿತು. ಆದರೆ ಇಂಥ ಕುಲಕ್ಕೆ ಇಂಥದೇ ಚೌಕುಳಿ ಎಂಬ ಇಂದಿನ ಕಟ್ಟುನಿಟ್ಟು ಬಹುಮಟ್ಟಿಗೆ 19ನೇ ಶತಮಾನದ ಸೃಷ್ಟಿ. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಮುಂದೆ ನಿಂತು ನಡೆಸಿದ ಸಂಭ್ರಮವೇ ಅದಕ್ಕೆ ದೊಡ್ಡ ಕಾರಣ. ಚರ್ಚಿನಲ್ಲಿ ಕುಲದ ಬಟ್ಟೆಯನ್ನು ಆಶೀರ್ವದಿಸುವ ಪದ್ಧತಿಯಂತೂ ಸ್ಕಾಟ್‌ಲೆಂಡಿನದೇ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಾಷಿಂಗ್ಟನ್ನಿನ ಪಾದ್ರಿ ಪೀಟರ್ ಮಾರ್ಷಲ್ ಅಮೆರಿಕೆಯಲ್ಲಿಯೇ ಆರಂಭಿಸಿದ್ದು. ಇದನ್ನೆಲ್ಲ ಓದಿ ನನಗೆ ನಗು ಬಂತು. "ನೋಡಮ್ಮಾ, ಅರ್ಧಕ್ಕರ್ಧ ಕಟ್ಟುಕಥೆ," ಎಂದೆ. ಮಗಳು ಪಾತ್ರೆ ಒರೆಸುತ್ತ, "ಇರಲಿ ಬಿಡಪ್ಪಾ, ಅವರ ಲಂಗ, ಅವರೇ ಹೊಲಿಸಿಕೊಂಡಿದ್ದು," ಎಂದಳು.

ನಗು ಅಲ್ಲಿಗೆ ನಿಂತಿತು. ಏಕೆಂದರೆ ನಾನು ಒಬ್ಬ ಹುಡುಗನಿಗೆ ಅವನದಲ್ಲದ ಉಡುಗೆಯನ್ನು ಉಡಿಸಿದ್ದೆ.

ಅದು 1983ನೆಯ ಇಸವಿ, ಶಾಲೆಯ ವಾರ್ಷಿಕೋತ್ಸವ. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಸಿದ್ದಿ ಹುಡುಗನಿದ್ದ. ಕಾಡಿನಂಚಿನ ವಾಡೆಯಿಂದ ದಿನವೂ ಆರು ಮೈಲಿ ನಡೆದು ಬರುತ್ತಿದ್ದ. ಬೀಜಗಣಿತದಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಗಣಿತದ ಮೇಷ್ಟರು ಅವನ ನೋಟ್‌ಬುಕ್ಕನ್ನು ಬೇರೆ ಮಕ್ಕಳಿಗೆ ತೋರಿಸುತ್ತಿದ್ದರು. ಆದರೆ ವಾರ್ಷಿಕೋತ್ಸವದ ಹೊಣೆ ನನ್ನದಾಗಿತ್ತು, ನನಗೆ "ಆದಿವಾಸಿ ನೃತ್ಯ" ಬೇಕಾಗಿತ್ತು. ಮಾವಿನ ಸೊಪ್ಪನ್ನು ಹಗ್ಗಕ್ಕೆ ಪೋಣಿಸಿ ಸೊಂಟಕ್ಕೆ ಕಟ್ಟಿಸಿದೆ. ಸೀಮೆಸುಣ್ಣವನ್ನು ನೀರಿನಲ್ಲಿ ಕಲಸಿ ಅವನ ಕೆನ್ನೆ ಎದೆಗಳ ಮೇಲೆ ಬಿಳಿಯ ಗೆರೆಗಳನ್ನು ನಾನೇ ಎಳೆದೆ. ಆಗ ಅವನು ತಲೆ ತಗ್ಗಿಸಿ, "ಸರ, ನಮ್ಮ ಮನ್ಯಾಗ ಯಾರೂ ಹಿಂಗ ತಪ್ಪಲ ಉಡೂದಿಲ್ರಿ," ಎಂದ. "ವೇಷ ಅಂದರೆ ವೇಷ, ಅಲ್ಲಾಡಬೇಡ," ಎಂದು ಗದರಿದೆ.

ಆ ವೇಷವನ್ನು ನಾನು ಎಲ್ಲಿಂದ ಕಲಿತಿದ್ದೆ? ಯಾವ ಸಿದ್ದಿ ವಾಡೆಯಿಂದಲೂ ಅಲ್ಲ. ಹಳಿಯಾಳದ ಟೂರಿಂಗ್ ಟಾಕೀಸಿನಲ್ಲಿ ನೋಡಿದ ಹಿಂದಿ ಚಲನಚಿತ್ರಗಳ "ಜಂಗಲಿ" ಕುಣಿತಗಳಿಂದ. ಕುಣಿತಕ್ಕೆ ಚಪ್ಪಾಳೆಯೋ ಚಪ್ಪಾಳೆ. ಮುಖ್ಯ ಅತಿಥಿಗಳು ಹತ್ತು ರೂಪಾಯಿ ಬಹುಮಾನ ಕೊಟ್ಟರು. ಹುಡುಗನ ತಾಯಿ ಇದ್ದುದರಲ್ಲಿ ಒಳ್ಳೆಯ ಸೀರೆಯನ್ನುಟ್ಟು ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಊಟದ ಪಂಕ್ತಿಯಲ್ಲಿ ಹುಡುಕಿದರೆ ಅವರು ಕಾಣಲಿಲ್ಲ. ಕತ್ತಲಾಗುವ ಮೊದಲೇ ಹೊರಟುಹೋದರು ಎಂದು ಯಾರೋ ಹೇಳಿದರು. ದಾರಿ ದೂರವಾದ್ದರಿಂದ ಹೋಗಿರಬೇಕು ಎಂದು ಆ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬಹಳ ವರ್ಷ ಹಾಗೆಯೇ ಹೇಳಿಕೊಂಡೆ.

ಅದೇ ವರ್ಷ ಅದೇ ತರಗತಿಗೆ ನಾನು ದಖ್ಖನಿನ ಸುಲ್ತಾನರ ಪಾಠ ಮಾಡಿದ್ದೆ. ಇಥಿಯೋಪಿಯಾದಿಂದ ಗುಲಾಮನಾಗಿ ಮಾರಲ್ಪಟ್ಟು ಬಂದು ಅಹಮದ್‌ನಗರದ ರಾಜ್ಯವನ್ನೇ ನಡೆಸಿದ, ಮೊಗಲರನ್ನು ವರ್ಷಾನುಗಟ್ಟಲೆ ತಡೆದು ನಿಲ್ಲಿಸಿದ ಮಲಿಕ್ ಅಂಬರನ ಹೆಸರು ಬಂದಿತ್ತು. ನಮ್ಮ ಬಿಜಾಪುರದಲ್ಲಿಯೇ ಮಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ಆಫ್ರಿಕಾ ಮೂಲದ ಇಖ್ಲಾಸ್ ಖಾನ್ ಪ್ರಧಾನಿಯ ಪದವಿಗೇರಿದ್ದ. ಅವರು ಆಫ್ರಿಕಾದವರೆಂಬ ಒಂದು ಮಾತನ್ನು, ಮೂರನೆಯ ಬೆಂಚಿನಲ್ಲಿ ಕುಳಿತಿದ್ದ ಆ ಹುಡುಗನಿಗೆ ಕೇಳಿಸುವಂತೆ ಹೇಳಲು ನನಗೆ ತೋಚಲಿಲ್ಲ. ಆ ಆಸ್ಥಾನಗಳ ಹಬ್ಶಿಗಳೂ ನಮ್ಮ ಕಾಡಿನ ಸಿದ್ದಿಗಳೂ ಒಂದೇ ಮನೆತನದವರು ಎಂದು ನಾನು ಹೇಳುತ್ತಿಲ್ಲ. ಆದರೂ ಹೇಳಬಹುದಿತ್ತು.

ಹೊರ ಊರುಗಳಲ್ಲಿರುವ ನಮ್ಮ ಬಂಧುಗಳಿಗಾಗಿ ನಾಲ್ಕು ಮಾತು. ಸಿದ್ದಿಗಳು ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ, ಅಂಕೋಲಾ, ಶಿರಸಿ ತಾಲೂಕುಗಳಲ್ಲಿಯೂ, ನೆರೆಯ ಧಾರವಾಡ ಬೆಳಗಾವಿ ಜಿಲ್ಲೆಗಳ ಅಂಚಿನಲ್ಲಿಯೂ ಇದ್ದಾರೆ. ಅವರ ಪೂರ್ವಜರಲ್ಲಿ ಬಹುಮಂದಿಯನ್ನು ಪೂರ್ವ ಆಫ್ರಿಕಾದ ಕಡೆಯಿಂದ ಪೋರ್ಚುಗೀಸರೂ ಅರಬ್ ವ್ಯಾಪಾರಿಗಳೂ ಹಡಗುಗಳಲ್ಲಿ ತುಂಬಿ ತಂದರು. ಗೋವೆಯ ಯಜಮಾನರಿಂದ ತಪ್ಪಿಸಿಕೊಂಡವರು ಘಟ್ಟ ಹತ್ತಿ ನಮ್ಮ ಕಾಡುಗಳನ್ನು ಸೇರಿದರು. 2011ರಲ್ಲಿ ಪ್ರಕಟವಾದ ಒಂದು ತಳಿಶಾಸ್ತ್ರದ ಅಧ್ಯಯನವು ಅವರ ರಕ್ತದಲ್ಲಿ ಬಾಂಟು ಭಾಷೆಗಳನ್ನಾಡುವ ಆಫ್ರಿಕನ್ನರ ಜೊತೆಗೆ ಭಾರತೀಯರ ಮತ್ತು ಸ್ವಲ್ಪಮಟ್ಟಿಗೆ ಯುರೋಪಿಯನ್ನರ ಅಂಶವನ್ನೂ ಕಂಡಿತು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯಲ್ಲಿ ತಮ್ಮದೇ ಬಗೆಯ ಕೊಂಕಣಿ, ಪೇಟೆಯಲ್ಲಿ ಕನ್ನಡ, ಮರಾಠಿ, ಉರ್ದು. ಆಫ್ರಿಕಾದ ಯಾವ ಭಾಷೆಯೂ ಅವರಲ್ಲಿ ಉಳಿದಿಲ್ಲ. ಎಷ್ಟೋ ಕ್ರೈಸ್ತ ಸಿದ್ದಿ ಮನೆಗಳಲ್ಲಿ ಇರುವುದು ಪೋರ್ಚುಗೀಸರ ಹೆಸರುಗಳು; ಆಳಿದವರ ಹೆಸರು ಉಳಿಯಿತು, ಬಿಟ್ಟು ಬಂದ ಊರಿನ ಹೆಸರು ಉಳಿಯಲಿಲ್ಲ.

ಸ್ಕೈ ದ್ವೀಪದ ಆ ವೃದ್ಧರಿಗೂ ನನ್ನ ವಿದ್ಯಾರ್ಥಿಗೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ಸ್ಕಾಟರೂ ಸೋತು, ಭೂಮಿ ಕಳೆದುಕೊಂಡು ಬಂದವರು ಹೌದು. ಆದರೆ ತಮ್ಮ ಹೆಸರನ್ನು ಹೊತ್ತು ಬಂದರು. ಕ್ಯಾರೊಲೈನಾದಲ್ಲಿ ಅವರಲ್ಲಿಯೇ ಕೆಲವರು ಆಫ್ರಿಕಾದ ಗುಲಾಮರನ್ನು ಇಟ್ಟುಕೊಂಡರು ಎಂಬುದೂ ಸತ್ಯ. ಪಂಜಿನ ಬೆಳಕಿನಲ್ಲಿ ಮುಂದೆ ಬಂದು ಕೂಗಲು ಒಂದು ಹೆಸರಾದರೂ ಬೇಕಲ್ಲವೇ? ನಮ್ಮ ಸಿದ್ದಿಗಳಿಂದ ಅದನ್ನೇ ಕಸಿದುಕೊಳ್ಳಲಾಗಿತ್ತು.

ಹಾಗೆಂದು ಅವರ ಬಳಿ ಏನೂ ಇಲ್ಲವೆಂದು ತಿಳಿಯಬಾರದು. ನಾನು ನಿವೃತ್ತನಾದ ಮೇಲೆ, ಹೋಗಬೇಕಾಗಿದ್ದಾಗ ಹೋಗದ ಮನೆಗಳಿಗೆ ಹೋಗತೊಡಗಿದೆ. ಒಂದು ಮದುವೆಯ ರಾತ್ರಿ ಡಮಾಮಿ ಕೇಳಿದೆ. ತೊಗಲು ಹೊದಿಸಿದ ಡೋಲು. ಬೆಂಕಿಗೆ ಹಿಡಿದು ಕಾಯಿಸಿ ಹದ ಮಾಡುತ್ತಾರೆ. ಹೆಂಗಸರು ಪುಗಡಿ ಆಡಿದರು. ಪುಗಡಿ ಕೊಂಕಣದ ನೆರೆಹೊರೆಯಲ್ಲೆಲ್ಲ ಇದೆ, ಅದು ಆಫ್ರಿಕಾದಿಂದ ಬಂದದ್ದಲ್ಲ. ಆದರೆ ಆ ಅಂಗಳದಲ್ಲಿ ಡಮಾಮಿಯ ಪೆಟ್ಟಿಗೆ ಅದು ಬೇರೆಯೇ ಆಗಿತ್ತು. ಹಾಡುಗಳಲ್ಲಿ ಗುಡ್ಡ, ಅರಣ್ಯ ಇಲಾಖೆಯ ಗಾರ್ಡು, ಜಿಪುಣ ಬೀಗ ಎಲ್ಲರೂ ಬಂದುಹೋದರು. ಎಲ್ಲರೂ ಉಟ್ಟಿದ್ದು ಲುಂಗಿ, ಪ್ಯಾಂಟು, ಸೀರೆ. ಒಂದು ಎಲೆಯೂ ಯಾರ ಮೈಮೇಲೆ ಇರಲಿಲ್ಲ.

ಇನ್ನು ಕವಂದಿ. ನಾವು ಕೌದಿ ಎನ್ನುವುದನ್ನೇ ಅವರು ಕವಂದಿ ಎನ್ನುತ್ತಾರೆ, ಆದರೆ ಹೊಲಿಗೆಯ ಬಗೆ ಬೇರೆ. ಹಳೆಯ ಸೀರೆಯನ್ನು ಹಾಸಿ, ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಗುಂಟ ಸುತ್ತುತ್ತ ಸುತ್ತುತ್ತ ತುಂಡುಬಟ್ಟೆಗಳನ್ನು ಸೇರಿಸಿ ಹೊಲಿದು ಕಡೆಗೆ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೂ ಮಡಚಿದ ಮುಮ್ಮೂಲೆಯ ಬಟ್ಟೆಯ ಹೂವು ಇಡಲೇಬೇಕು. "ಫುಲ" ಇಲ್ಲದ ಕವಂದಿ ಬತ್ತಲೆ ಎಂದು ಅವರ ಭಾವನೆ. ಇದನ್ನು ಕೇಳಿದ ದಿನ ನನಗೆ ರಾತ್ರಿ ನಿದ್ರೆ ಬರಲಿಲ್ಲ. ಹೊದಿಕೆಯ ಮಾನವನ್ನೂ ಇಷ್ಟು ಎಚ್ಚರದಿಂದ ಕಾಯುವ ಮನೆಯ ಮಗನಿಗೆ ನಾನು ಉಡಿಸಿದ್ದೇನು? ಅಮೆರಿಕೆಯ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು 2004ರ ಸುಮಾರಿಗೆ ಈ ಹೆಂಗಸರ ಒಂದು ಸಹಕಾರಿ ಗುಂಪಿಗೆ ನೆರವಾದ ಮೇಲೆ ಕವಂದಿಗಳು ಅಮೆರಿಕೆಯ ವಸ್ತುಸಂಗ್ರಹಾಲಯಗಳ ಗೋಡೆಯನ್ನೇರಿವೆ. ಹಳಿಯಾಳದ ಸಂತೆಗೆ ಹತ್ತಾರು ಮೈಲಿಯೊಳಗಿರುವ ನಾವು ಅವುಗಳನ್ನು ನೋಡಿದ್ದು ಅದಾದ ಮೇಲೆ. ಮೂರು ಧರ್ಮಗಳ ಸಿದ್ದಿಗಳೂ ತಮ್ಮ "ಹಿರಿಯರು" ಎಂದು ಗತಿಸಿದವರನ್ನು ನೆನೆಯುವುದು, ಸಾತುಂಬೈಲಿನ ಸಿದ್ದಿನಾಸದಲ್ಲಿ ಎಲ್ಲರೂ ಕೂಡುವುದು, ಇವುಗಳ ಬಗ್ಗೆ ಬರೆಯಲು ನನಗಿಂತ ಅವರೇ ಅರ್ಹರು.

ಮುಂಡಗೋಡದ ಟಿಬೆಟ್ ಜನರ ಮಾತನ್ನು ಇಲ್ಲಿ ಹೇಳಬೇಕು. 1966ರಲ್ಲಿ ಅವರ ವಸಾಹತು ಅಲ್ಲಿ ನೆಲೆಗೊಂಡಿತು. ಅವರು ಲ್ಹಾಸಾದ ಬಳಿಯ ಗಂಡೆನ್, ಡ್ರೆಪುಂಗ್ ಮಠಗಳ ಹೆಸರನ್ನು ಹೊತ್ತು ತಂದು ನಮ್ಮ ಮಳೆನಾಡಿನ ಕೆಂಪು ಮಣ್ಣಿನಲ್ಲಿ ಮತ್ತೆ ಕಟ್ಟಿದರು. ಲೋಸರ್ ಹಬ್ಬ ಬಂದರೆ ಕ್ಯಾಂಪುಗಳಲ್ಲಿ ಆಚರಿಸುತ್ತಾರೆ, ನಾವು ನೋಡಲು ಬರಲಿ ಬಾರದಿರಲಿ. ಶಾಲೆಯ ಪ್ರವಾಸಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಚಪ್ಪಲಿ ಬಿಟ್ಟು, ದನಿ ತಗ್ಗಿಸಿ ಒಳಗೆ ಹೋಗುವಂತೆ ನಾನೇ ಮಕ್ಕಳಿಗೆ ಹೇಳುತ್ತಿದ್ದೆ. ಅದೇ ನಾನು ಸಿದ್ದಿ ಹುಡುಗನ ಮೈಮೇಲೆ ಅವನ ಅಪ್ಪಣೆಯಿಲ್ಲದೆ ಗೆರೆ ಎಳೆದೆ. ಟಿಬೆಟಿನವರ ಪರಂಪರೆಗೆ ಗ್ರಂಥವಿದೆ, ಗೋಪುರವಿದೆ, ಜಗತ್ತಿನ ಕಣ್ಣಿದೆ. ಅದಕ್ಕೆ ನಾವು ಅತಿಥಿಗಳು. ಸಿದ್ದಿಗಳದು ಅಂಗಳದಲ್ಲಿದೆ, ಹರಿದ ಸೀರೆಯಲ್ಲಿದೆ. ಅದಕ್ಕೆ ನಾವು ಯಜಮಾನರಂತೆ ನಡೆದುಕೊಂಡೆವು.

ಈಗ ಕಾಲ ಬದಲಾಗಿದೆ ಎಂದು ಕೆಲವರು ಹೇಳಬಹುದು. ಬದಲಾಗಿರುವುದು ನಿಜ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು, 2020ರಲ್ಲಿ ಧಾರವಾಡ ಬೆಳಗಾವಿಯವರನ್ನೂ. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ನೀನಾಸಮ್‌ನಲ್ಲಿ ಕಲಿತ ಪ್ರಶಾಂತ್ ಸಿದ್ದಿ, ಗಿರಿಜಾ ಸಿದ್ದಿ ಅವರು ರಂಗಭೂಮಿಯಲ್ಲಿ, ಚಲನಚಿತ್ರಗಳಲ್ಲಿ ಹೆಸರು ಮಾಡಿದ್ದಾರೆ. ಆದರೂ ಹೋದ ವರ್ಷ ದಾಂಡೇಲಿಯ ಕಡೆ ಒಂದು ರೆಸಾರ್ಟಿಗೆ ನೆಂಟರೊಡನೆ ಹೋಗಿದ್ದಾಗ, ರಾತ್ರಿ ಬೆಂಕಿಯ ಸುತ್ತ ಸೊಪ್ಪು ಕಟ್ಟಿದ ಹುಡುಗರನ್ನು ಕುಣಿಸಿದರು. ಧ್ವನಿವರ್ಧಕದಲ್ಲಿ ಒಬ್ಬಾತ "ಆಫ್ರಿಕಾದ ಕಾಡಿನಿಂದ ನೇರ ನಿಮ್ಮ ಮುಂದೆ" ಎಂದು ಸಾರಿದ. ನೇರವಾಗಿ ಎಲ್ಲಿಂದ? ಆ ಹುಡುಗರು ಮಧ್ಯಾಹ್ನ ಹಳಿಯಾಳದ ಬಸ್ಸಿನಲ್ಲಿ ಬಂದಿಳಿದವರು. ಅದರಲ್ಲೊಬ್ಬ ಐ.ಟಿ.ಐ. ಓದುತ್ತಿದ್ದ.

ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸಗಳಲ್ಲಿಯೂ ಈ ದೋಷ ನುಸುಳುತ್ತದೆ. 1987ರಲ್ಲಿ ಸರ್ಕಾರ ವಿಶೇಷ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿತು. ಕಮಲಾ ಬಾಬು ಸಿದ್ದಿಯವರಂಥ ಓಟಗಾರರು ಬೆಳಕಿಗೆ ಬಂದರು. 1993ರಲ್ಲಿ ಅದು ನಿಂತುಹೋಯಿತು. ಅದರಿಂದ ಕೆಲವರಿಗೆ ಉದ್ಯೋಗವೂ ದೊರೆಯಿತು, ನಾನು ಅದನ್ನು ಹೀಗಳೆಯಲಾರೆ. ಆದರೆ ಸಿದ್ದಿ ಮಗುವೆಂದರೆ ಓಡಬೇಕು, ಇಲ್ಲವೇ ಕುಣಿಯಬೇಕು ಎಂಬ ನಿರೀಕ್ಷೆ ನಮ್ಮ ಶಿಕ್ಷಕರ ಕೊಠಡಿಯಲ್ಲಿ ಆಗಲೂ ಇತ್ತು, ಅನಂತರವೂ ಇತ್ತು. ಬೀಜಗಣಿತದ ನೋಟ್‌ಬುಕ್ಕನ್ನು ಮುಖ್ಯ ಅತಿಥಿಗಳಿಗೆ ತೋರಿಸಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಆ ಹುಡುಗ ಎಸ್.ಎಸ್.ಎಲ್.ಸಿ. ಮುಗಿಸಿ, ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿ ದುಡಿದು, ಈಗ ಮೊಮ್ಮಕ್ಕಳನ್ನು ಕಂಡಿದ್ದಾನೆ. ಸಮಿತಿಯವರ ದೂರವಾಣಿ ಬಂದ ಮೇಲೆ ಅವನನ್ನೇ ಕಾಣಲು ಹೋದೆ. ಚಹಾ ಕುಡಿಯುವಾಗ 1983ರ ಮಾತೆತ್ತಿ, ತಪ್ಪಾಯಿತು ಎಂದೆ. ನಲವತ್ತು ವರ್ಷ ತಡವಾಗಿ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವ್ವ ಆವತ್ತ ದಾರ್ಯಾಗ ಒಂದ ಮಾತ ಆಡ್ಲಿಲ್ಲ ನೋಡ್ರಿ ಸರ. ಮನಿಗೆ ಬಂದ ಬಿಸಿನೀರ ಕಾಸಿ ಮೈ ತಿಕ್ಕಿದ್ಲು," ಎಂದ. ಅಷ್ಟೇ.

ನಾನು ಸಮಾಧಾನಕ್ಕೆಂದು, "ಮೆರವಣಿಗೆಗೆ ಸಿದ್ದಿ ಕುಣಿತವೇ ಬೇಡ ಎಂದು ಹೇಳಿಬಿಡುತ್ತೇನೆ," ಎಂದೆ. ಅವನಿಗೆ ಸಿಟ್ಟು ಬಂತು. "ತಪ್ಪಲ ಬ್ಯಾಡ ಅನ್ರಿ. ಡಮಾಮಿ ಬ್ಯಾಡ ಅನ್ನಾಕ ನೀವ್ಯಾರ್ರೀ? ನಮ್ಮ ಹುಡುಗೂರು ತಂಡ ಕಟ್ಟ್ಯಾರ. ಅದರಾಗ ನಾಕು ರೊಕ್ಕ ಬರ್ತಾವು. ಕೆಲವರು ತಪ್ಪಲ ಕಟ್ಟಿಕೊಂಡೂ ಕುಣೀತಾರ, ಅದು ಅವರ ಮರ್ಜಿ." ಮೇಷ್ಟರಿಗೆ ಪಾಠವಾಯಿತು. ಮೊದಲು ಉಡಿಸಿದೆ, ಈಗ ಬಿಚ್ಚಿಸಲು ಹೊರಟಿದ್ದೆ. ಎರಡು ಸಲವೂ ಕೇಳಲಿಲ್ಲ. ಸ್ಕಾಟರ ಚೌಕುಳಿ ನಿನ್ನೆ ಮೊನ್ನೆಯದಾದರೂ ಅವರದೇ ಆಗುವುದಾದರೆ, ಸಿದ್ದಿ ತಂಡವೊಂದು ತಾನೇ ಆರಿಸಿಕೊಂಡ ವೇಷವನ್ನು ಅಸಲಿಯಲ್ಲ ಎಂದು ತೀರ್ಮಾನಿಸಲು ನಾನು ಯಾರು?

ಆದ್ದರಿಂದ ಸಮಿತಿಯ ಮಿತ್ರರೇ, ನನ್ನ ಉತ್ತರ ಇದು. ಪೂರ್ಣಕುಂಭಕ್ಕೂ ಬ್ಯಾಂಡಿಗೂ ನಡುವೆ, ಬಿಸಿಲಲ್ಲಿ, ಡಾಂಬರಿನ ಮೇಲೆ ಬರಿಗಾಲಲ್ಲಿ ಕುಣಿಯಲು ನಾನು ಯಾರನ್ನೂ ಗೊತ್ತು ಮಾಡಿಕೊಡುವುದಿಲ್ಲ. ಅದರ ಬದಲು ಸಂಜೆಯ ವೇದಿಕೆಯಲ್ಲಿ ಒಂದು ಗಂಟೆಯನ್ನು ಅವರಿಗೆ ಬಿಟ್ಟುಕೊಡಿ. ಏನು ಉಡಬೇಕು, ಏನು ಹಾಡಬೇಕು ಎಂಬುದು ಅವರಿಗೇ ಇರಲಿ. ಪರಿಚಯದ ಮಾತನ್ನು ಅವರಲ್ಲೊಬ್ಬರು ಆಡಲಿ. ನಿರೂಪಕರು ಆಫ್ರಿಕಾ ಕಾಡು ಎಂದೆಲ್ಲ ಹೇಳುವುದು ಬೇಡ. ಯಕ್ಷಗಾನ ಮೇಳಕ್ಕೆ ಕೊಡುವ ಸಂಭಾವನೆಯನ್ನೇ ಕೊಡಿ, ಮುಂಗಡವಾಗಿ ಕೊಡಿ. ಊಟದ ಪಂಕ್ತಿಯಲ್ಲಿ ಮೊದಲು ಕೂರಿಸಿ. ಈ ಕೊನೆಯ ಮಾತು ನನ್ನ ಸ್ವಂತ ಬಾಕಿ, ಇದಕ್ಕಾಗಿ ಬೇಕಾದರೆ ನನ್ನ ಪಿಂಚಣಿಯಿಂದ ಹಣ ಕೊಡುತ್ತೇನೆ.

ಅವರು ಬರುವುದಿಲ್ಲ ಎನ್ನಬಹುದು. ಅದನ್ನೂ ಒಪ್ಪಿಕೊಳ್ಳಬೇಕು. ನನ್ನ ವಿದ್ಯಾರ್ಥಿ ವಾಡೆಯ ಹುಡುಗರನ್ನು ಕೇಳಿ, ದೀಪಾವಳಿ ಕಳೆದ ಮೇಲೆ ತಿಳಿಸುತ್ತೇನೆ ಎಂದಿದ್ದಾನೆ. ಅಲ್ಲಿಯವರೆಗೆ ಆಮಂತ್ರಣ ಪತ್ರಿಕೆಯನ್ನು ಮುದ್ರಣಕ್ಕೆ ಕೊಡಬೇಡಿ. ಕೊಡಲೇಬೇಕಾದರೆ ಆ ಒಂದು ಸಾಲನ್ನು ಖಾಲಿ ಬಿಡಿ.